ಬೆಳ್ಳಿ ಬೆಲೆ ಎರಡು ಪಟ್ಟಾಯ್ತು, ಚಿಕ್ಕಪ್ಪನ ಬೆಳ್ಳಿ ನಾಣ್ಯ ಮಾತ್ರ ಯಾಕೆ ನಷ್ಟಕ್ಕೆ ಬಿತ್ತು?

2025ರ ದೀಪಾವಳಿಗೆ ಆಲೂರು ಹತ್ತಿರದ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಲಕ್ಷ್ಮೀ ಪೂಜೆ ಮುಗಿದ ಮೇಲೆ ಚಿಕ್ಕಪ್ಪ ಬೀರು ತೆಗೆದು ಹತ್ತು ಬೆಳ್ಳಿ ನಾಣ್ಯ ತಂದು ಮುಂದೆ ಇಟ್ಟರು. 2023ರಲ್ಲಿ ಹೊಸ ಸಂಸತ್ ಭವನದ ಉದ್ಘಾಟನೆಗೆ ಅಂತ ಬಂದ 75 ರೂಪಾಯಿ ನಾಣ್ಯಗಳು. "ಏನೋ ಮಗ, ಬೆಳ್ಳಿ ರೇಟು ಆಕಾಶಕ್ಕೆ ಹೋಗಿದೆಯಂತಲ್ಲ. ಇನ್ನೊಂದು ತಿಂಗಳಿಗೆ ಅರೇಬಿಕಾ ಕೊಯ್ಲು ಶುರು. ಆಳುಗಳಿಗೆ ವಾರವಾರ ಬಟವಾಡೆ ಮಾಡ್ಬೇಕು. ಇವನ್ನ ಕೊಟ್ರೆ ಎಷ್ಟು ಬರುತ್ತೆ, ವಿಚಾರಿಸು" ಅಂದರು.

ಆ ವರ್ಷದ ಮೆಣಸಿನ ದುಡ್ಡಲ್ಲಿ ಅವರು ಇದನ್ನ ಕೊಂಡಿದ್ದು. ನೇರವಾಗಿ ಸರ್ಕಾರದಿಂದಲ್ಲ, "ಸ್ಟಾಕ್ ಮುಗಿದಿದೆ, ನನ್ನ ಹತ್ರ ಮಾತ್ರ ಇದೆ" ಅಂತ ಫೋನ್ ಮಾಡಿದ ಒಬ್ಬ ಮರುಮಾರಾಟಗಾರನಿಂದ. ಒಂದಕ್ಕೆ 5,500 ರೂ., ಹತ್ತಕ್ಕೆ 55,000 ರೂ. "ಲಿಮಿಟೆಡ್ ಎಡಿಷನ್ ಸಾರ್, ಎರಡು ವರ್ಷದಲ್ಲಿ ಡಬಲ್" ಅಂದಿದ್ದನಂತೆ.

ಡಬಲ್ ಆಗಿದ್ದು ನಿಜ, ಆದರೆ ಬೆಳ್ಳಿ ಮಾತ್ರ. 2023ರ ಮಧ್ಯದಲ್ಲಿ ಕೆಜಿಗೆ 75 ಸಾವಿರದ ಆಸುಪಾಸಿದ್ದ ಬೆಳ್ಳಿ, ಆ ದೀಪಾವಳಿ ಹೊತ್ತಿಗೆ ಒಂದೂವರೆ ಲಕ್ಷ ದಾಟಿತ್ತು. ನಾನು ಹಾಸನದ ಒಂದು ಬೆಳ್ಳಿ ಅಂಗಡಿಗೆ ಹೋಗಿ ಕೇಳಿದೆ. ಅವರು ನಾಣ್ಯ ತಿರುಗಿಸಿ ನೋಡಿ, "ಇದು ಅರ್ಧ ಬೆಳ್ಳಿ. ಮೇಲಾಗಿ ಸರ್ಕಾರಿ ನಾಣ್ಯ. ನಮಗೆ ಬೇಡ" ಅಂದರು. ಬೆಂಗಳೂರಿನ ಒಬ್ಬ ನಾಣ್ಯ ವ್ಯಾಪಾರಿಗೆ ಫೋಟೊ ಕಳಿಸಿದೆ. ಚೆನ್ನಾಗಿರೋ ಏಳಕ್ಕೆ ತಲಾ 3,500, ಕಲೆ ಬಿದ್ದಿರೋ ಮೂರಕ್ಕೆ ತಲಾ 2,600 ಅಂದರು. ಒಟ್ಟು 32,300 ರೂ.

ಬೆಳ್ಳಿ ಎರಡು ಪಟ್ಟಾದ ಕಾಲದಲ್ಲಿ ಬೆಳ್ಳಿ ನಾಣ್ಯ ಇಟ್ಟುಕೊಂಡವರಿಗೆ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ನಷ್ಟ. ಇದು ಹೇಗಾಯ್ತು? ಕಾಫಿ, ಮೆಣಸಿಗೆ ಒಳ್ಳೆ ರೇಟು ಬಂದ ಈ ಒಂದೆರಡು ವರ್ಷದಲ್ಲಿ ಸಕಲೇಶಪುರ, ಆಲೂರು ಕಡೆ ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡಿದೆ. ಹಾಗಾಗಿ ಈ ಲೆಕ್ಕ ಒಬ್ಬ ಚಿಕ್ಕಪ್ಪನದಷ್ಟೇ ಅಲ್ಲ.

ನಾಣ್ಯಕ್ಕೂ ಔಟ್‌ಟರ್ನ್ ಇದೆ

ಒಂದು ಸ್ಮರಣಾರ್ಥ ನಾಣ್ಯಕ್ಕೆ ಮೂರು ಬೆಲೆ ಇರುತ್ತೆ. ಮೊದಲನೆಯದು ಅದರ ಮೇಲೆ ಅಚ್ಚಾಗಿರೋ ಮುಖಬೆಲೆ. ಕಾನೂನು ಪ್ರಕಾರ ಇದು ನಿಜವಾದ ದುಡ್ಡೇ. ಸಕಲೇಶಪುರ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಲ್ಲಿ 75 ರೂಪಾಯಿ ನಾಣ್ಯ ಕೊಟ್ಟು ದೋಸೆ ತಿನ್ನಬಹುದು. ಯಾರೂ ತಿನ್ನಲ್ಲ, ಅಷ್ಟೇ.

ಎರಡನೆಯದು ಲೋಹದ ಬೆಲೆ. ಇಲ್ಲಿ ಬೆಳೆಗಾರರಿಗೆ ನಾನೇನೂ ಹೊಸದು ಹೇಳಬೇಕಿಲ್ಲ. 50 ಕೆಜಿ ಮೂಟೆ ಚೆರ್ರಿಯನ್ನ ವ್ಯಾಪಾರಿ ತೂಕ ನೋಡಿ ಮಾತ್ರ ಕೊಳ್ಳಲ್ಲ, ಅದರಲ್ಲಿ ಎಷ್ಟು ಕೆಜಿ ಕ್ಲೀನ್ ಕಾಫಿ ಬರುತ್ತೆ ಅಂತ ಔಟ್‌ಟರ್ನ್ ನೋಡ್ತಾನೆ. ನಾಣ್ಯದ್ದೂ ಅದೇ ಕಥೆ. 75 ರೂಪಾಯಿ ನಾಣ್ಯದ ತೂಕ 35 ಗ್ರಾಂ, ಅಡ್ಡಳತೆ 44 ಮಿಲಿಮೀಟರ್. ಅದರಲ್ಲಿ ಬೆಳ್ಳಿ ಶೇ. 50, ತಾಮ್ರ ಶೇ. 40, ನಿಕ್ಕಲ್ ಶೇ. 5, ಸತು ಶೇ. 5. ಅಂದರೆ ಶುದ್ಧ ಬೆಳ್ಳಿ ಹದಿನೇಳೂವರೆ ಗ್ರಾಂ. ಗ್ರಾಂಗೆ 150 ರೂ. ಹಿಡಿದರೂ 2,625 ರೂ. ಕೊಂಡ ದಿನ ಗ್ರಾಂಗೆ 75 ರೂ. ಇದ್ದಾಗ ಅದರಲ್ಲಿದ್ದ ಬೆಳ್ಳಿ ಬರೀ 1,312 ರೂಪಾಯಿಯದ್ದು. ಅಂದರೆ ಚಿಕ್ಕಪ್ಪ ಕೊಟ್ಟ 5,500ರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಹೋಗಿದ್ದು ಬೆಳ್ಳಿಗಲ್ಲ.

ಅದು ಹೋಗಿದ್ದು ಮೂರನೆಯ ಬೆಲೆಗೆ. ವ್ಯಾಪಾರದಲ್ಲಿ ಇದಕ್ಕೆ ಪ್ರೀಮಿಯಂ ಅಂತಾರೆ. ಟಂಕಸಾಲೆಯ ಕೆಲಸ, ಪೆಟ್ಟಿಗೆ, ತೆರಿಗೆ, ಮಧ್ಯವರ್ತಿಯ ಲಾಭ, ಎಲ್ಲಕ್ಕಿಂತ ಮುಖ್ಯವಾಗಿ "ಇದು ಎಲ್ಲರ ಹತ್ರ ಇಲ್ಲ" ಅನ್ನೋ ಭಾವನೆ, ಎಲ್ಲ ಸೇರಿ ಪ್ರೀಮಿಯಂ. ಬೆಳ್ಳಿ ರೇಟು ಏರಿದರೆ ಲೋಹದ ಬೆಲೆ ಏರುತ್ತೆ, ಪ್ರೀಮಿಯಂ ಏರಲೇಬೇಕು ಅಂತಿಲ್ಲ. ಚಿಕ್ಕಪ್ಪನ ಕೇಸಲ್ಲಿ ಆಗಿದ್ದು ಇಷ್ಟೇ: ಬೆಳ್ಳಿ 1,300 ರೂ. ಮೇಲೇರಿತು, ಪ್ರೀಮಿಯಂ ಅದಕ್ಕಿಂತ ಎಷ್ಟೋ ಹೆಚ್ಚು ಕೆಳಗಿಳಿಯಿತು.

ಅದೇ 55 ಸಾವಿರಕ್ಕೆ ಅವತ್ತು ಸಾದಾ ಬೆಳ್ಳಿ ಗಟ್ಟಿ ತಗೊಂಡಿದ್ದರೆ? ಶೇ. 3 ಜಿಎಸ್‌ಟಿ ಕಳೆದು ಸುಮಾರು 710 ಗ್ರಾಂ ಬರ್ತಿತ್ತು. ಮಾರುವಾಗ ಅಂಗಡಿಯವರು ಒಂದಿಷ್ಟು ಹಿಡಿದುಕೊಂಡರೂ ಲಕ್ಷದ ಹತ್ತಿರ ಕೈಗೆ ಸಿಗ್ತಿತ್ತು.

ಎಲ್ಲ ಸರ್ಕಾರಿ ಬೆಳ್ಳಿಯೂ ಒಂದೇ ಅಲ್ಲ

ಔಟ್‌ಟರ್ನ್ ನೋಡದೆ ಕೊಳ್ಳಬಾರದು ಅನ್ನೋದಕ್ಕೆ ನಾಣ್ಯಗಳ ಪಟ್ಟಿಯೇ ಸಾಕ್ಷಿ. 1969ರಲ್ಲಿ ಗಾಂಧೀಜಿ ಜನ್ಮಶತಮಾನೋತ್ಸವಕ್ಕೆ ಬಂದ 10 ರೂಪಾಯಿ ನಾಣ್ಯ 15 ಗ್ರಾಂ, ಬೆಳ್ಳಿ ಶೇ. 80. ಮುಂದೆ 1972ರ ಸ್ವಾತಂತ್ರ್ಯದ ಬೆಳ್ಳಿಹಬ್ಬದ 10 ರೂಪಾಯಿ ನಾಣ್ಯಕ್ಕೆ ಬರುವಾಗ ತೂಕ ಇಪ್ಪತ್ತೆರಡೂವರೆ ಗ್ರಾಂಗೆ ಏರಿತು, ಬೆಳ್ಳಿ ಶೇ. 50ಕ್ಕೆ ಇಳಿಯಿತು. ಕೈಗೆ ಭಾರ ಜಾಸ್ತಿ, ಒಳಗೆ ಬೆಳ್ಳಿ ಕಮ್ಮಿ. 2006ರ ಬಸವೇಶ್ವರರ 100 ರೂಪಾಯಿ ನಾಣ್ಯದಂಥವೂ ಈ ಅರ್ಧ ಬೆಳ್ಳಿಯ ಸಾಲಿನವೇ. 2024ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕಿನ 90ನೇ ವರ್ಷಕ್ಕೆ ಬಂದ 90 ರೂಪಾಯಿ ನಾಣ್ಯ ಮಾತ್ರ 40 ಗ್ರಾಂ ಶುದ್ಧ ಬೆಳ್ಳಿ. ಗ್ರಾಂಗೆ 150 ರೂ. ಲೆಕ್ಕದಲ್ಲಿ ಅದರ ಲೋಹವೇ 6,000 ರೂ. ಕಣ್ಣಿಗೆ 75ರದ್ದೂ 90ರದ್ದೂ ಒಂದೇ ಥರ ಕಾಣುತ್ತೆ, ಹೆಸರೂ ಒಂದೇ: "ಬೆಳ್ಳಿ ನಾಣ್ಯ".

ಅಜ್ಜಿಯಂದಿರ ಪೆಟ್ಟಿಗೆಯಲ್ಲಿ ಇನ್ನೂ ಸಿಗೋ ರಾಣಿ ವಿಕ್ಟೋರಿಯಾ ರೂಪಾಯಿ 11.66 ಗ್ರಾಂ, ಅದರಲ್ಲಿ ಸುಮಾರು ಶೇ. 91.7 ಬೆಳ್ಳಿ. ಎರಡನೇ ಮಹಾಯುದ್ಧದ ಹೊತ್ತಿಗೆ, 1940ರಲ್ಲಿ, ಬ್ರಿಟಿಷರು ರೂಪಾಯಿಯ ಬೆಳ್ಳಿಯನ್ನ ಅರ್ಧಕ್ಕೆ ಇಳಿಸಿ ತಾಮ್ರ, ನಿಕ್ಕಲ್, ಸತು ಬೆರೆಸಿದರು. ಯುದ್ಧಕಾಲದಲ್ಲಿ ಬೆಳ್ಳಿ ಉಳಿಸೋಕೆ ಮಾಡಿದ ಆ ಮಿಶ್ರಣವೇ 2023ರ ಸಂಸತ್ ನಾಣ್ಯದಲ್ಲೂ ಇದೆ. ಹಬ್ಬದ ನಾಣ್ಯಕ್ಕೆ ಬರಗಾಲದ ರೆಸಿಪಿ!

"ಲಿಮಿಟೆಡ್" ಅಂದ್ರೆ ಎಷ್ಟು?

ನಮ್ಮಲ್ಲಿ ನಾಣ್ಯ ಟಂಕಿಸೋದು ಕೇಂದ್ರ ಸರ್ಕಾರದ ಭದ್ರತಾ ಮುದ್ರಣ ಮತ್ತು ಟಂಕಸಾಲೆ ನಿಗಮ. ಮುಂಬೈ, ಕೋಲ್ಕತ್ತಾ, ಹೈದರಾಬಾದ್, ನೋಯ್ಡಾ ಟಂಕಸಾಲೆಗಳು ಅದರ ಕೈಕೆಳಗಿವೆ. ಎಷ್ಟೋ ಸ್ಮರಣಾರ್ಥ ನಾಣ್ಯಗಳಿಗೆ ಇಂತಿಷ್ಟು ದಿನ ಅಂತ ಬುಕಿಂಗ್ ತೆರೆದು ಆರ್ಡರ್ ತಗೊಂಡಿದ್ದಾರೆ. ಅಂದರೆ ಎಷ್ಟು ಜನಕ್ಕೆ ಬೇಕೋ ಅಷ್ಟು ಜನ ಆಗಲೇ ಕೊಂಡಾಗಿದೆ. ಆಮೇಲೆ ಅದೇ ನಾಣ್ಯವನ್ನ ಹೆಚ್ಚಿನ ಬೆಲೆಗೆ ಕೊಳ್ಳೋರು ಯಾರು? ತಡವಾಗಿ ಗೊತ್ತಾದವರು. ಅವರು ಮುಗಿದ ಮೇಲೆ ಬೆಲೆ ಇಳಿಯುತ್ತೆ.

ಸಕಲೇಶಪುರದ ಮಂಜರಾಬಾದ್ ಕೋಟೆ ನೋಡಿದವರಿಗೆ ಗೊತ್ತು, ಅದನ್ನ 1792ರಲ್ಲಿ ಕಟ್ಟಿಸಿದ್ದು ಟಿಪ್ಪು ಸುಲ್ತಾನ್. ಅದೇ ಟಿಪ್ಪು ಟಂಕಿಸಿದ ಎರಡು ರೂಪಾಯಿಯ ಬೆಳ್ಳಿ ನಾಣ್ಯದ ಹೆಸರು ಹೈದರಿ, ಒಂದು ರೂಪಾಯಿಯದ್ದು ಇಮಾಮಿ. ಅವನ್ನ ಯಾರೂ ಸಂಗ್ರಹಕ್ಕೆ ಅಂತ ಟಂಕಿಸಲಿಲ್ಲ. ಸಂತೆಗೆ ಹೋದವು, ಸವೆದವು, ಕರಗಿ ಕಾಲುಂಗುರವೋ ಕಡಗವೋ ಆದವು. ಉಳಿದ ಸ್ವಲ್ಪಕ್ಕೆ ಬೆಲೆ. ಮೊದಲ ದಿನವೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಭದ್ರವಾಗಿ ಕೂತ ನಾಣ್ಯ ಹಾಗೆ ಕಮ್ಮಿಯಾಗಲ್ಲ. ಎಲ್ಲರೂ ಜೋಪಾನ ಮಾಡಿದ ವಸ್ತು ಅಪರೂಪ ಆಗೋಕೆ ಬಹಳ ಕಾಲ ಬೇಕು.

ಹೊರದೇಶದ ಉದಾಹರಣೆ ಕೊಟ್ಟು ಮಾರೋರೂ ಇದ್ದಾರೆ. 1983ರಿಂದ ಬರ್ತಿರೋ ಚೀನಾದ ಬೆಳ್ಳಿ ಪಾಂಡಾ, 1990ರಿಂದ ಬರ್ತಿರೋ ಆಸ್ಟ್ರೇಲಿಯಾದ ಕೂಕಬುರಾ, ಇವುಗಳ ಹಳೇ ವರ್ಷದ ನಾಣ್ಯಗಳಿಗೆ ಬೆಳ್ಳಿಗಿಂತ ಹೆಚ್ಚು ಬೆಲೆ ಸಿಗುತ್ತೆ ಅನ್ನೋದು ನಿಜ. ಆದರೆ ಅವು ಅರ್ಧ ಬೆಳ್ಳಿಯವಲ್ಲ. ಜೊತೆಗೆ ಅಲ್ಲಿ ಕೊಳ್ಳೋ ರೇಟು, ಮಾರೋ ರೇಟು ಎರಡನ್ನೂ ಬೋರ್ಡಿಗೆ ಹಾಕೋ ವ್ಯಾಪಾರಿಗಳಿದ್ದಾರೆ. ನಮ್ಮ ಟಂಕಸಾಲೆ ಮಾರುತ್ತೆ, ವಾಪಸ್ ಕೊಳ್ಳಲ್ಲ. ಆಲೂರಲ್ಲಿ ಕೂತವರಿಗೆ ಗಿರಾಕಿ ಅಂದ್ರೆ ಬೆಂಗಳೂರಿನ ನಾಣ್ಯ ಮೇಳ, ಇಲ್ಲಾ ಆನ್‌ಲೈನ್. ಕಾಫಿಗೆ ಒಬ್ಬ ವ್ಯಾಪಾರಿ ಕಮ್ಮಿ ಕೇಳಿದ್ರೆ ಇನ್ನೊಬ್ಬರ ಗೋಡೌನಿಗೆ ಹೋಗಬಹುದು. ಇಲ್ಲಿ ಹಾಗಿಲ್ಲ.

ಕರಗಿಸೋದೂ ಅಪರಾಧ

ಹಾಸನದ ಅಂಗಡಿಯವರು "ನಮಗೆ ಬೇಡ" ಅಂದಿದ್ದು ಸುಮ್ಮನೆ ಅಲ್ಲ. 2011ರ ನಾಣ್ಯ ಕಾಯ್ದೆಯಲ್ಲಿ ನಾಣ್ಯ ಅಂದರೆ ಸ್ಮರಣಾರ್ಥ ನಾಣ್ಯವೂ ಸೇರುತ್ತೆ. ಅದನ್ನ ಕರಗಿಸೋದು, ನಾಶ ಮಾಡೋದು ಅಪರಾಧ. ಏಳು ವರ್ಷದವರೆಗೆ ಜೈಲು, ಜೊತೆಗೆ ದಂಡ. ಅಷ್ಟೇ ಅಲ್ಲ, ತನ್ನ ನ್ಯಾಯವಾದ ಅಗತ್ಯಕ್ಕಿಂತ ತೀರಾ ಹೆಚ್ಚು ನಾಣ್ಯಗಳನ್ನ ಮುಖಬೆಲೆ ಬಿಟ್ಟು ಬೇರೆ ಬೆಲೆಗೆ ಮಾರೋ ಉದ್ದೇಶದಿಂದ ಇಟ್ಟುಕೊಳ್ಳೋದನ್ನೂ ಅದೇ ಕಾಯ್ದೆ ನಿಷೇಧಿಸುತ್ತೆ. ಸಂಗ್ರಾಹಕರ ಮೇಳಗಳು ಬಹಿರಂಗವಾಗೇ ನಡೆಯುತ್ತವೆ, ಟಂಕಸಾಲೆಯೇ ಮುಖಬೆಲೆಗಿಂತ ಹೆಚ್ಚಿಗೆ ಮಾರುತ್ತೆ, ಅದು ಬೇರೆ ಮಾತು. ಆದರೆ ಮೂಟೆಗಟ್ಟಲೆ ಪೇರಿಸಿಟ್ಟು ವ್ಯಾಪಾರ ಮಾಡ್ತೀನಿ ಅನ್ನೋರು ಈ ಸಾಲುಗಳನ್ನ ಓದಿರಬೇಕು.

ಇದರ ಪರಿಣಾಮ ದುಡ್ಡಿನ ಮೇಲೂ ಇದೆ. "ಏನೂ ಆಗದಿದ್ರೆ ಕರಗಿಸಿ ಬೆಳ್ಳಿ ರೇಟಿಗಾದ್ರೂ ಕೊಡಬಹುದು" ಅಂತ ನಾವು ನಂಬೋ ಕೊನೆಯ ಆಸರೆ ಕಾನೂನು ಪ್ರಕಾರ ಇಲ್ಲವೇ ಇಲ್ಲ. ಜ್ಯುವೆಲರಿ ಅಂಗಡಿಯ ಲಕ್ಷ್ಮಿ ಚಿತ್ರದ 10 ಗ್ರಾಂ ಬಿಲ್ಲೆ ಕಾನೂನಿನ ಕಣ್ಣಲ್ಲಿ ನಾಣ್ಯವೇ ಅಲ್ಲ, ಹಾಗಾಗಿ ಅದನ್ನ ಧಾರಾಳವಾಗಿ ಕರಗಿಸಬಹುದು. ಆದರೆ ಬೆಳ್ಳಿಗೆ ಹಾಲ್‌ಮಾರ್ಕ್ ಇನ್ನೂ ಕಡ್ಡಾಯ ಆಗಿಲ್ಲ, ಸ್ವಯಂಪ್ರೇರಿತ. ಕೇಳಿ ಹಾಲ್‌ಮಾರ್ಕ್ ಇರೋದನ್ನೇ ತಗೊಳ್ಳಿ.

ತೆರಿಗೆಯದ್ದೂ ಒಂದು ಮಾತು. "ಪೂಜೆಗೆ ಇಟ್ಟ ಬೆಳ್ಳಿ, ಅದಕ್ಕೆಲ್ಲ ಏನು ಟ್ಯಾಕ್ಸು?" ಅಂತ ಚಿಕ್ಕಪ್ಪ ಕೇಳಿದರು. ಇದೇ ವಾದವನ್ನ ಮಹಾರಾಜ ರಾಣಾ ಹೇಮಂತ್ ಸಿಂಗ್‌ಜೀ ಅವರು ಸುಪ್ರೀಂ ಕೋರ್ಟ್ ಮುಂದೆ ಇಟ್ಟಿದ್ದರು: ಚಿನ್ನ, ಬೆಳ್ಳಿಯ ನಾಣ್ಯಗಳು ಲಕ್ಷ್ಮೀ ಪೂಜೆಗೆ ಬಳಸಿದ ಸ್ವಂತ ವಸ್ತುಗಳು ಅಂತ. 1976ರಲ್ಲಿ ಕೋರ್ಟ್ ಅದನ್ನ ಒಪ್ಪಲಿಲ್ಲ. ಈಗಿನ ನಿಯಮದಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಇಟ್ಟು ಮಾರಿದರೆ ಲಾಭದ ಮೇಲೆ ಶೇ. 12.5 ತೆರಿಗೆ. ಅದಕ್ಕೇ ಬಿಲ್ ಬೇಕು. ಚಿಕ್ಕಪ್ಪನ ಹತ್ತಿರ ಇದ್ದದ್ದು ಒಂದು ವಾಟ್ಸಾಪ್ ಮೆಸೇಜ್.

ಮಲೆನಾಡಿನ ಮಳೆ, ಚಿಕ್ಕಮ್ಮನ ವಿಭೂತಿ

ಆ ಮೂರು ನಾಣ್ಯಕ್ಕೆ ಕಲೆ ಹೇಗೆ ಬಿತ್ತು? ಗಾಳಿಯಲ್ಲಿರೋ ಗಂಧಕದ ಅಂಶ ಬೆಳ್ಳಿಗೆ ತಗುಲಿ ಸಿಲ್ವರ್ ಸಲ್ಫೈಡ್ ಅನ್ನೋ ಕಪ್ಪು ಪದರ ಕೂರುತ್ತೆ. ತೇವ ಇದ್ದರೆ ಬೇಗ. ಶೇ. 40 ತಾಮ್ರ ಬೇರೆ ಇದೆ, ಅದು ಹಸಿರುಗಟ್ಟುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೇ ಬೂಸ್ಟು ಹಿಡಿಯೋ ನಮ್ಮ ಕಡೆ ಬೀರುವಿನಲ್ಲಿಟ್ಟ ನಾಣ್ಯ ತಪ್ಪಿಸಿಕೊಳ್ಳೋದಾದ್ರೂ ಹೇಗೆ?

ಕಪ್ಪಾಯ್ತಲ್ಲ ಅಂತ ಚಿಕ್ಕಮ್ಮ ದೀಪ ತಿಕ್ಕಿದ ಹಾಗೆ ವಿಭೂತಿ ಹಾಕಿ ತಿಕ್ಕಿದ್ದಾರೆ. ನಾಣ್ಯ ಫಳಫಳ ಅಂತಿದೆ, ಬೆಲೆ ಹೋಗಿದೆ. ತಿಕ್ಕಿದ ಗೀರು ಭೂತಗನ್ನಡಿಯಲ್ಲಿ ಕಂಡರೆ ಸಂಗ್ರಾಹಕರು ಹಿಂದೆ ಸರೀತಾರೆ. ಮಾಡಬೇಕಾದ್ದು ಸರಳ: ಗಾಳಿಯಾಡದ ಕ್ಯಾಪ್ಸೂಲ್, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ. ಪಿವಿಸಿ ಕವರ್, ರಬ್ಬರ್ ಬ್ಯಾಂಡ್, ಪೇಪರ್ ಸುತ್ತೋದು ಬೇಡ. ಮುಟ್ಟೋದಾದ್ರೆ ಅಂಚು ಹಿಡೀಬೇಕು. ತಿಕ್ಕಲೇಬಾರದು.

ಕೊಳ್ಳೋ ಮುಂಚೆ

ಇನ್ನೊಂದು ಅಪಾಯ ಮೊಬೈಲಲ್ಲೇ ಬರುತ್ತೆ. "ಈ ಹಳೇ ನಾಣ್ಯ ಇದ್ರೆ 10 ಲಕ್ಷ" ಅನ್ನೋ ವಿಡಿಯೊ. ನಂಬರಿಗೆ ಫೋನ್ ಮಾಡಿದ್ರೆ ರಿಜಿಸ್ಟ್ರೇಷನ್ ಫೀಸು, ಕಮಿಷನ್ ಅಂತ ಮೊದಲು ನಿಮ್ಮಿಂದಲೇ ದುಡ್ಡು ಕೀಳ್ತಾರೆ. ರಿಸರ್ವ್ ಬ್ಯಾಂಕ್ ಹೆಸರು ಹೇಳಿಕೊಂಡೂ ಇದು ನಡೀತಿತ್ತು. ತಾನು ಇಂಥ ವ್ಯವಹಾರ ಮಾಡಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತ್ತು.

ಹಾಗಂತ ಬೆಳ್ಳಿ ಗಟ್ಟಿಯೇ ಕ್ಷೇಮ ಅಂತಲೂ ನಾನು ಹೇಳ್ತಿಲ್ಲ. 1980ರ ಜನವರಿಯಲ್ಲಿ ಔನ್ಸಿಗೆ 50 ಡಾಲರ್ ಮುಟ್ಟಿದ ಬೆಳ್ಳಿ ಮಾರ್ಚ್ ಕೊನೆಗೆ 11 ಡಾಲರಿಗಿಂತ ಕೆಳಗಿತ್ತು. ಆ 50ರ ಗೆರೆಯನ್ನ ನಿಚ್ಚಳವಾಗಿ ದಾಟೋಕೆ 2025ರ ಅಕ್ಟೋಬರ್ ಬರಬೇಕಾಯ್ತು. ಕಾಫಿ ರೇಟು ಕುಸಿದ ವರ್ಷಗಳನ್ನ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ನಾಣ್ಯ ಕೊಳ್ಳೋ ಮುಂಚೆ ನಾಲ್ಕು ಪ್ರಶ್ನೆ. ಇದರಲ್ಲಿ ಶುದ್ಧ ಬೆಳ್ಳಿ ಎಷ್ಟು ಗ್ರಾಂ? ಇವತ್ತಿನ ರೇಟಲ್ಲಿ ಅದರ ಬೆಲೆ ಕಳೆದರೆ ಪ್ರೀಮಿಯಂ ಎಷ್ಟು? ನಾಳೆ ಬೆಳಿಗ್ಗೆ ಮಾರಬೇಕಾದರೆ ಯಾರು ಕೊಳ್ತಾರೆ, ಎಷ್ಟಕ್ಕೆ? ಬಿಲ್ ಕೊಡ್ತಾರಾ? ಮೂರನೇ ಪ್ರಶ್ನೆಗೆ ಉತ್ತರ ಇಲ್ಲ ಅಂದ್ರೆ ಅದು ಉಳಿತಾಯ ಅಲ್ಲ, ಹವ್ಯಾಸ. ಹವ್ಯಾಸಕ್ಕೆ ಖರ್ಚು ಮಾಡೋದು ತಪ್ಪಲ್ಲ. ಆದರೆ ಕೊಯ್ಲಿನ ಬಟವಾಡೆಯ ದುಡ್ಡು ಅದರಲ್ಲಿ ಇರಬಾರದು.

ಚಿಕ್ಕಪ್ಪ ಕಲೆ ಬಿದ್ದ ಮೂರನ್ನು ದೇವರ ಮನೆಯಲ್ಲಿ ಇಟ್ಟುಕೊಂಡು ಏಳನ್ನು ಮಾರಿದರು. 24,500 ರೂ. ಬಂತು. ಮೊದಲ ಎರಡು ವಾರದ ಬಟವಾಡೆಗೆ ಸಾಲುತ್ತೆ, ಆಮೇಲಿನದ್ದಕ್ಕೆ ಮೆಣಸು ವ್ಯಾಪಾರಿಯ ಹತ್ತಿರ ಅಡ್ವಾನ್ಸ್ ಕೇಳಿದ್ದಾರೆ.