ಸ್ಮಾರ್ಟ್‌ವಾಚ್‌ಗಳಲ್ಲಿ ಬೀಳುವಿಕೆಯ ಪತ್ತೆ

ಬೀಳುವಿಕೆಯ ಪತ್ತೆ ಎಂಬುದು, ಧರಿಸಿದ ವ್ಯಕ್ತಿ ಬಲವಾಗಿ ಬಿದ್ದುದನ್ನು ಸ್ಮಾರ್ಟ್‌ವಾಚ್ ತಾನಾಗಿಯೇ ಗುರುತಿಸಿ, ಪ್ರತಿಕ್ರಿಯೆ ದೊರೆಯದಿದ್ದಲ್ಲಿ ತುರ್ತು ಸೇವೆಗೆ ಕರೆ ಮಾಡುವ ಸೌಲಭ್ಯವಾಗಿದೆ. ಒಂಟಿಯಾಗಿ ವಾಸಿಸುವ ಹಿರಿಯರಿಗೆ ಇದು ಹೆಚ್ಚು ಪ್ರಸ್ತುತ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು ೬,೮೪,೦೦೦ ಜನರು ಬೀಳುವಿಕೆಯಿಂದ ಮೃತಪಡುತ್ತಾರೆ.

ಹಿನ್ನೆಲೆ

ಬಿದ್ದಾಗ ತಗಲುವ ಪೆಟ್ಟಿಗಿಂತ, ಏಳಲಾಗದೆ ನೆಲದ ಮೇಲೆಯೇ ಕಳೆಯುವ ಸಮಯ ಅನೇಕ ವೇಳೆ ಹೆಚ್ಚು ಅಪಾಯಕಾರಿಯಾಗಿರುತ್ತದೆ. ಒಂದು ಗಂಟೆಗೂ ಮೀರಿ ಹೀಗೆ ಬಿದ್ದಿರುವುದನ್ನು ವೈದ್ಯಕೀಯದಲ್ಲಿ ‘ಲಾಂಗ್ ಲೈ’ ಎಂದು ಕರೆಯಲಾಗುತ್ತದೆ. ದೇಹದ ಭಾರಕ್ಕೆ ಸಿಲುಕಿದ ಸ್ನಾಯುಗಳು ನಶಿಸಿ, ಅವುಗಳಿಂದ ಹೊರಬಿದ್ದ ವಸ್ತುಗಳು ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲವು. ನಿರ್ಜಲೀಕರಣ ಮತ್ತು ಒತ್ತುಹುಣ್ಣುಗಳೂ ಉಂಟಾಗಬಹುದು. ೧೯೭೦ರ ದಶಕದಿಂದ ಪಾಶ್ಚಾತ್ಯ ದೇಶಗಳಲ್ಲಿ ಬಳಕೆಗೆ ಬಂದ ತುರ್ತು ಗುಂಡಿಗಳು ಈ ಸಮಯವನ್ನು ತಗ್ಗಿಸಲೆಂದೇ ರೂಪುಗೊಂಡವು. ಆದರೆ ಪ್ರಜ್ಞೆ ತಪ್ಪಿದವರು ಗುಂಡಿ ಒತ್ತಲಾರರು. ೨೦೧೮ರಲ್ಲಿ ಬಂದ ಆಪಲ್ ವಾಚ್ ಸೀರೀಸ್ ೪ ಈ ಕೊರತೆಯನ್ನು ನೀಗಿಸಲು ಯತ್ನಿಸಿತು. ಮುಂದೆ ಸ್ಯಾಮ್‌ಸಂಗ್ ಮತ್ತು ಗೂಗಲ್ ಗಡಿಯಾರಗಳಲ್ಲಿಯೂ ಈ ಸೌಲಭ್ಯ ಸೇರಿತು.

ಕಾರ್ಯವಿಧಾನ

ಗಡಿಯಾರದೊಳಗಿನ ವೇಗೋತ್ಕರ್ಷಮಾಪಕ ಮತ್ತು ಜೈರೋಸ್ಕೋಪ್‌ಗಳು ಮಣಿಕಟ್ಟಿನ ಚಲನೆಯನ್ನು ಅಳೆಯುತ್ತಿರುತ್ತವೆ. ಎಡವಿ ಬೀಳುವವರು ಕೈ ಮುಂದೆ ಚಾಚುತ್ತಾರೆ, ಜಾರುವವರ ಕೈ ಮೇಲಕ್ಕೆ ಹೋಗುತ್ತದೆ. ಅನಂತರ ಹಠಾತ್ ಹೊಡೆತ. ಈ ವಿನ್ಯಾಸಗಳನ್ನು ತಂತ್ರಾಂಶವು ಗುರುತಿಸುತ್ತದೆ. ಆಪಲ್ ವಾಚ್ ಮೊದಲು ಮಣಿಕಟ್ಟನ್ನು ತಟ್ಟಿ, ಸದ್ದು ಮಾಡಿ, ಸಂದೇಶ ತೋರಿಸುತ್ತದೆ. ಸುಮಾರು ಒಂದು ನಿಮಿಷ ಚಲನೆ ಕಾಣದಿದ್ದರೆ ೩೦ ಸೆಕೆಂಡುಗಳ ಎಣಿಕೆ ಆರಂಭಿಸಿ, ಬಳಿಕ ಕರೆ ಮಾಡುತ್ತದೆ. ಬಿದ್ದ ವಿಷಯವನ್ನೂ ಅಕ್ಷಾಂಶ-ರೇಖಾಂಶಗಳನ್ನೂ ಧ್ವನಿಮುದ್ರಿತ ಸಂದೇಶವು ತಿಳಿಸುತ್ತದೆ. ಕರೆ ಮುಗಿದ ಮೇಲೆ ಮೊದಲೇ ನಮೂದಿಸಿದ ಆಪ್ತರಿಗೂ ಸಂದೇಶ ಹೋಗುತ್ತದೆ.

ಮಿತಿಗಳು

ಎಲ್ಲ ಬೀಳುವಿಕೆಗಳನ್ನೂ ಗುರುತಿಸಲಾಗದೆಂದು ತಯಾರಕರೇ ತಿಳಿಸುತ್ತಾರೆ. ಗೋಡೆಗೆ ಒರಗಿ ಮೆಲ್ಲನೆ ಕುಸಿಯುವುದು, ಕುರ್ಚಿಯಿಂದ ಜಾರುವುದು ಬಲವಾದ ಹೊಡೆತವನ್ನು ಉಂಟುಮಾಡದಿರುವುದರಿಂದ ತಪ್ಪಿಹೋಗಬಹುದು. ವೃದ್ಧರಲ್ಲಿ ಇಂತಹವು ಅಪರೂಪವೇನಲ್ಲ. ಇದಕ್ಕೆ ವಿರುದ್ಧವಾಗಿ, ಆಟೋಟಗಳಲ್ಲಿ ತೊಡಗಿದವರಿಗೆ ಸುಳ್ಳು ಎಚ್ಚರಿಕೆ ಬರುವ ಸಂಭವ ಹೆಚ್ಚು.

ಗಡಿಯಾರಕ್ಕೆ ಸ್ವಂತ ಮೊಬೈಲ್ ಸಂಪರ್ಕವಿಲ್ಲದಿದ್ದರೆ ಸಾಮಾನ್ಯವಾಗಿ ಫೋನ್ ಸಮೀಪದಲ್ಲಿರಬೇಕು. ಅಂಗಳದಲ್ಲಿ ಬಿದ್ದವರ ಫೋನ್ ದೂರದ ಕೋಣೆಯಲ್ಲಿದ್ದರೆ ಪತ್ತೆಯಾದರೂ ಕರೆ ಹೋಗದಿರಬಹುದು. ಹಲವು ಮಾದರಿಗಳನ್ನು ದಿನವೂ ಚಾರ್ಜ್ ಮಾಡಬೇಕಾಗುತ್ತದೆ. ರಾತ್ರಿ ಅದಕ್ಕಾಗಿ ಕಳಚಿಟ್ಟರೆ, ಶೌಚಾಲಯಕ್ಕೆ ಎದ್ದು ಹೋಗುವ ಅಪಾಯದ ವೇಳೆಯಲ್ಲಿಯೇ ಅದು ಕೈಯಲ್ಲಿರುವುದಿಲ್ಲ. ಹಗಲಿನಲ್ಲಿ, ಕುಳಿತಿರುವಾಗ ಚಾರ್ಜ್ ಮಾಡುವುದು ಮೇಲು. ಆಪಲ್ ವಾಚ್‌ನಲ್ಲಿ ಈ ಸೌಲಭ್ಯವು ೫೫ ವರ್ಷ ದಾಟಿದವರಿಗೆ, ನಮೂದಿಸಿದ ಜನ್ಮದಿನಾಂಕದ ಆಧಾರದಲ್ಲಿ, ತಾನಾಗಿಯೇ ಚಾಲನೆಗೊಳ್ಳುತ್ತದೆ. ಮಕ್ಕಳು ತಮ್ಮ ವಿವರ ತುಂಬಿ ತಂದೆತಾಯಿಗೆ ಕೊಟ್ಟ ಗಡಿಯಾರದಲ್ಲಿ ಅದು ಚಾಲನೆಯಲ್ಲಿ ಇಲ್ಲದಿರುವ ಸಾಧ್ಯತೆಯಿದೆ.

ಭಾರತದಲ್ಲಿ

ಭಾರತದ ಏಕೀಕೃತ ತುರ್ತು ಸಂಖ್ಯೆ ೧೧೨. ಕರ್ನಾಟಕದಲ್ಲಿ ಆಂಬ್ಯುಲೆನ್ಸ್‌ಗಾಗಿ ೧೦೮ ಸಂಖ್ಯೆಯೂ ೨೦೦೮ರಿಂದ ಬಳಕೆಯಲ್ಲಿದೆ. ಕರೆ ತಲುಪಿದರೂ ಬಹುಮಹಡಿ ಕಟ್ಟಡದ ಯಾವ ಮನೆ ಎಂಬುದನ್ನು ಅಕ್ಷಾಂಶ-ರೇಖಾಂಶಗಳು ಸೂಚಿಸಲಾರವು. ಒಳಗಿನಿಂದ ಚಿಲಕ ಹಾಕಿದ್ದರೆ ಬಾಗಿಲು ತೆರೆಯುವವರಿಲ್ಲ. ಆದುದರಿಂದ ತುರ್ತು ಸಂಪರ್ಕದ ಪಟ್ಟಿಯಲ್ಲಿ ವಿದೇಶದಲ್ಲಿರುವ ಮಕ್ಕಳ ಜೊತೆಗೆ, ಮನೆಯ ಇನ್ನೊಂದು ಕೀಲಿಕೈ ಇರಿಸಿಕೊಂಡ ನೆರೆಯವರೊಬ್ಬರ ಸಂಖ್ಯೆಯೂ ಇರುವುದು ಅಗತ್ಯ.