ಆಟಿಸಂ: ನಮ್ಮ ಮನೆಗೆ ಆ ಹೆಸರು ತಡವಾಗಿ ಬಂತು

2024ರ ನವೆಂಬರ್‌ನಲ್ಲಿ ಖಡಕಿಯಲ್ಲಿ ನಡೆದ ನಮ್ಮ ಸಂಘದ ರಾಜ್ಯೋತ್ಸವಕ್ಕೆ ಬಂದಿದ್ದವರಲ್ಲಿ ಕೆಲವರಿಗಾದರೂ ಈ ಪ್ರಸಂಗ ನೆನಪಿರಬಹುದು. ನಾಡಗೀತೆ ಮುಗಿದು ಸ್ವಾಗತ ಭಾಷಣ ಶುರುವಾಗುವ ಹೊತ್ತಿಗೆ ಮೈಕು ಕಿರ್ರೆಂದು ಕೂಗಿತು. ಮೂರನೆಯ ಸಾಲಿನಲ್ಲಿದ್ದ ಪುಟ್ಟ ಹುಡುಗನೊಬ್ಬ ಎರಡೂ ಕಿವಿ ಮುಚ್ಚಿಕೊಂಡು ಕುರ್ಚಿಯ ಕೆಳಗೆ ಸೇರಿ ಚೀರತೊಡಗಿದ. ತಾಯಿ ಎಷ್ಟು ರಮಿಸಿದರೂ ಹೊರಗೆ ಬರಲಿಲ್ಲ. "ಇಷ್ಟ್ ಮುದ್ದು ಮಾಡಿದ್ರ ಹಿಂಗ ಆಗೂದು" ಎಂದು ಹಿಂದಿನಿಂದ ಯಾರೋ ಅಂದರು. "ಸುಮ್ಮನ ಕೂಡೂದು ಕಲಿಸಿಲ್ಲೇನು?" ಎಂದು ಇನ್ನೊಬ್ಬರು. ಆ ತಾಯಿ ಮಗುವನ್ನು ಎತ್ತಿಕೊಂಡು ಊಟಕ್ಕೂ ನಿಲ್ಲದೆ ಹೊರಟುಬಿಟ್ಟರು.

ನಾನು ಅವರ ಹಿಂದೆಯೇ ಹೋಗಿ ರಿಕ್ಷಾ ಸ್ಟ್ಯಾಂಡಿನ ಬಳಿ ಮಾತನಾಡಿಸಿದೆ. ಮಗುವಿಗೆ ಏನಾಗಿದೆಯೆಂದು ಹೇಳಲು ನಾನೇನೂ ವೈದ್ಯನಲ್ಲ, ಬ್ಯಾಂಕಿನ ಗುಮಾಸ್ತ. ಆದರೆ ಆ ಕುರ್ಚಿಯ ಕೆಳಗೆ ನನಗೆ ಕಂಡವನು ಇಪ್ಪತ್ತು ವರ್ಷಗಳ ಹಿಂದಿನ ನನ್ನ ಮಗ.

ನಾಲ್ಕು ಭಾಷೆಗಳ ನಡುವೆ

ನಮ್ಮ ತಂದೆ ವಿಜಯಪುರದ ಕಡೆಯಿಂದ ಬಂದು ಖಡಕಿಯ ಮದ್ದುಗುಂಡು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದವರು. ನಾನು ಇಲ್ಲಿಯೇ ಬೆಳೆದು, ಹಗಲು ಕೆಲಸ ಮಾಡಿ ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದೆ. ಮಗ ಹುಟ್ಟಿದ್ದು 1998ರಲ್ಲಿ.

ಒಂದೂವರೆ ವರ್ಷವಾದರೂ ಹೆಸರು ಹಿಡಿದು ಕರೆದರೆ ಅವನು ತಿರುಗುತ್ತಿರಲಿಲ್ಲ. ಲೋನಾವಳಾ ಲೋಕಲ್ ಖಡಕಿ ಸ್ಟೇಷನ್ನಿಗೆ ಬರುವ ಸದ್ದು ಕೇಳಿದರೆ ಮಾತ್ರ ಬಾಗಿಲಿಗೆ ಓಡುತ್ತಿದ್ದ. ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಿರಲಿಲ್ಲ, ನಮ್ಮ ಮಣಿಕಟ್ಟು ಹಿಡಿದು ಅದರ ಹತ್ತಿರ ಒಯ್ಯುತ್ತಿದ್ದ. ಕಡ್ಡಿಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸುತ್ತ ಗಂಟೆಗಟ್ಟಲೆ ಕೂರುತ್ತಿದ್ದ. ನಾಲ್ಕಕ್ಕೆ ಅಂಕಿಗಳನ್ನು ಓದುತ್ತಿದ್ದ, ಆದರೆ "ಅವ್ವಾ" ಎನ್ನುತ್ತಿರಲಿಲ್ಲ.

"ಗಂಡ ಹುಡುಗರು ತಡಾನ ಮಾತಾಡ್ತಾವ, ಅಂಜಬ್ಯಾಡ್ರಿ" ಎಂದರು ಹಿರಿಯರು. ನಾವೂ ಅಂಜಲಿಲ್ಲ. ನಾಲ್ಕು ತುಂಬಿದ ಮೇಲೆ ಕಿವಿ ಪರೀಕ್ಷೆ ಮಾಡಿಸಿದೆವು. ಕಿವಿ ಸರಿಯಾಗಿತ್ತು. ಆಗ ಒಬ್ಬ ವೈದ್ಯರು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಂಟೋನ್ಮೆಂಟಿನ ಮಕ್ಕಳೊಡನೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಆದರೆ ಮಗು ಗೊಂದಲಕ್ಕೆ ಬೀಳದೆ ಇನ್ನೇನು, ಇಂಗ್ಲಿಷ್ ಒಂದನ್ನೇ ಇಟ್ಟುಕೊಳ್ಳಿ ಎಂದರು. ನಮಗೆ ಅದು ಸರಿಯೆನಿಸಿತು. ಅವನೊಡನೆ ಕನ್ನಡ ನಿಲ್ಲಿಸಿದೆವು.

ನಮ್ಮವ್ವನಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬರುತ್ತಿರಲಿಲ್ಲ. ಮೊಮ್ಮಗನ ಮುಂದೆ ತಾಟು ಇಟ್ಟು ಸುಮ್ಮನೆ ಕೂರುತ್ತಿದ್ದಳು. ಹಾಗೆಯೇ ಮೂರು ವರ್ಷ ಕಳೆದು 2005ರಲ್ಲಿ ತೀರಿಕೊಂಡಳು.

ಎರಡು ಗಂಟೆಯ ತಪಾಸಣೆ

ಶಾಲೆಯವರು ಇನ್ನು ಇಟ್ಟುಕೊಳ್ಳಲಾರೆವು ಎಂದಾಗ, 2007ರಲ್ಲಿ, ಮಕ್ಕಳ ಮನೋವೈದ್ಯರೊಬ್ಬರ ಬಳಿ ಹೋದೆವು. ರಕ್ತ ಪರೀಕ್ಷೆ, ಸ್ಕ್ಯಾನು ಇರುತ್ತದೆಂದು ದುಡ್ಡು ತೆಗೆದಿಟ್ಟುಕೊಂಡು ಹೋಗಿದ್ದೆ. ಆಟಿಸಂ ಇದೆಯೆಂದು ಹೇಳುವ ರಕ್ತ ಪರೀಕ್ಷೆ ಇಂದಿಗೂ ಇಲ್ಲ. ಅವರು ಮಗನೊಡನೆ ನೆಲದ ಮೇಲೆ ಕುಳಿತು ಆಟಿಕೆಗಳನ್ನು ಹರಡಿದರು. ಅವನು ಕಣ್ಣಿಟ್ಟು ನೋಡುತ್ತಾನೆಯೇ, ಆಟದಲ್ಲಿ ಸೇರಿಸಿಕೊಳ್ಳುತ್ತಾನೆಯೇ ಎಂದು ಗಮನಿಸಿದರು. ಅವನು ಒಂದು ವರ್ಷದವನಿದ್ದಾಗ ಹೇಗಿದ್ದನೆಂದು ನಮ್ಮ ಮನೆಯವರನ್ನು ಕೆದಕಿ ಕೆದಕಿ ಕೇಳಿದರು. ಎರಡು ಗಂಟೆಯ ನಂತರ ಆ ಹೆಸರು ಹೇಳಿದರು.

ನಮ್ಮ ಮನೆಯವರು ಅತ್ತರು. ನನಗೆ, ನಿಜ ಹೇಳಬೇಕೆಂದರೆ, ಹಗುರವೆನಿಸಿತು. ಮಗ ಹಟಮಾರಿಯಲ್ಲ, ನಾವು ಬೆಳೆಸಿದ ರೀತಿಯ ತಪ್ಪೂ ಅಲ್ಲ ಎಂದು ಅಂದು ಗೊತ್ತಾಯಿತು. ಮನೆಗೆ ಬಂದ ಮೇಲೆ ಕಳೆದ ವರ್ಷಗಳ ಲೆಕ್ಕ ಹಾಕಿ ಆ ರಾತ್ರಿ ನಾನೂ ಮಲಗಲಿಲ್ಲ.

ಹೊರಡುವಾಗ ಆ ವೈದ್ಯರು ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದ್ದರು. ವಿಷಯ ತಿಳಿದು, ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮಗುವಿನೊಡನೆ ಮಾತನಾಡಿ, ಕನ್ನಡ ಬಿಡುವ ಅಗತ್ಯವೇ ಇರಲಿಲ್ಲ ಎಂದರು. ಎರಡು ಮೂರು ಭಾಷೆ ಕೇಳಿಸಿಕೊಂಡರೆ ಆಟಿಸಂ ಬರುವುದಿಲ್ಲ, ಇರುವ ತೊಂದರೆ ಹೆಚ್ಚುವುದೂ ಇಲ್ಲ ಎಂದು ನಂತರದ ಅಧ್ಯಯನಗಳೂ ತೋರಿಸಿವೆ. ಪರಊರಿನಲ್ಲಿರುವ ಕನ್ನಡಿಗರು ಈ ಮಾತನ್ನು ಮುಖ್ಯವಾಗಿ ಗಮನಿಸಬೇಕು.

ನಾವು ಮತ್ತೆ ಕನ್ನಡ ಶುರು ಮಾಡಿದ ಕೆಲವು ತಿಂಗಳಲ್ಲಿ, ಒಂದು ರಾತ್ರಿ ಊಟದ ಹೊತ್ತಿಗೆ ಮಗ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಬಾ ನನ ಕೂಸ, ಉಣ್ಣಾಕ ಬಾ" ಎಂದ. ನಮ್ಮವ್ವನ ಮಾತು, ಅದೇ ಎಳೆತ. ಕೇಳಿದ್ದನ್ನು ವರ್ಷಗಳ ನಂತರವೂ ಹಾಗೆಯೇ ಮರುನುಡಿಯುವುದು ಆಟಿಸಂ ಇರುವ ಮಕ್ಕಳಲ್ಲಿ ಸಾಮಾನ್ಯವಂತೆ. ಅವನು ನಾಲ್ಕು ವರ್ಷದೊಳಗೆ ಕೇಳಿದ್ದ ಮಾತು ಅದು. ಕೇಳಲು ಅವ್ವ ಇರಲಿಲ್ಲ.

ಯಾವ ವಯಸ್ಸಿಗೆ ತಿಳಿಯುತ್ತದೆ?

ಆಟಿಸಂಗೆ ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. ಇದು ರೋಗಕ್ಕಿಂತ ಹೆಚ್ಚಾಗಿ ಮಿದುಳು ಬೆಳೆಯುವ ರೀತಿಯಲ್ಲಿರುವ ವ್ಯತ್ಯಾಸ. ಒಬ್ಬರಂತೆ ಇನ್ನೊಬ್ಬರಿರುವುದಿಲ್ಲ. ಲಕ್ಷಣಗಳು ಹನ್ನೆರಡರಿಂದ ಹದಿನೆಂಟು ತಿಂಗಳಲ್ಲೇ ಕಾಣಬಹುದು. ಅನುಭವಿ ತಜ್ಞರು ಎರಡು ವರ್ಷದ ಹೊತ್ತಿಗೆ ಖಚಿತವಾಗಿ ಹೇಳಬಲ್ಲರು. ಅಮೆರಿಕದ ಮಕ್ಕಳ ವೈದ್ಯರ ಸಂಘವು 18 ಮತ್ತು 24 ತಿಂಗಳಿಗೆ ಎಲ್ಲ ಮಕ್ಕಳನ್ನೂ ಪರೀಕ್ಷಿಸಬೇಕೆಂದು ಹೇಳುತ್ತದೆ. ಅಲ್ಲಿಯೇ 2025ರಲ್ಲಿ ಪ್ರಕಟವಾದ ಸರ್ಕಾರಿ ವರದಿಯ ಪ್ರಕಾರ, ಆಟಿಸಂ ಪತ್ತೆಯಾಗುವ ಮಧ್ಯಮ ವಯಸ್ಸು 47 ತಿಂಗಳು, ಅಂದರೆ ನಾಲ್ಕು ವರ್ಷಕ್ಕೆ ಒಂದು ತಿಂಗಳು ಕಡಿಮೆ. ಲಕ್ಷಣ ಕಾಣುವುದಕ್ಕೂ ಹೆಸರು ಸಿಗುವುದಕ್ಕೂ ಅಲ್ಲಿ ಕೂಡ ಅಷ್ಟು ಅಂತರವಿದೆ.

ಬೇಗ ತಿಳಿದರೆ ಆಟಿಸಂ ಹೋಗಿಬಿಡುತ್ತದೆ ಎಂದಲ್ಲ. ಮಾತು, ಸನ್ನೆ, ಚಿತ್ರ ಏನಾದರೊಂದರ ಮೂಲಕ ತನಗೆ ಬೇಕಾದದ್ದನ್ನು ಹೇಳಲು ಮಗುವಿಗೆ ಬೇಗ ಕಲಿಸಬಹುದು. ಬೆಂಗಳೂರಿನಲ್ಲಿ ವಾಕ್ ತಜ್ಞೆ ಡಾ. ಪ್ರತಿಭಾ ಕಾರಂತ ಅವರು ಕಟ್ಟಿದ ಕಾಮ್ ಡೀಲ್ ಸಂಸ್ಥೆ ಆರು ವರ್ಷದೊಳಗಿನ ಮಕ್ಕಳ ಮೇಲೆಯೇ ಹೆಚ್ಚು ಗಮನ ಕೊಟ್ಟಿದ್ದು ಇದೇ ಕಾರಣಕ್ಕೆ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ತಪಾಸಣೆ ಮಾಡಿಸಬಹುದು. ರಜೆಗೆ ಊರಿಗೆ ಹೋಗುವವರು ಇದನ್ನು ನೆನಪಿಡಬೇಕು.

ತಾಯಿಯ ತಪ್ಪಲ್ಲ

ಅಮೆರಿಕದ ಬಾಲ್ಟಿಮೋರ್‌ನಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ ಹನ್ನೊಂದು ಮಕ್ಕಳ ಬಗ್ಗೆ ಬರೆದ ಲೇಖನದಿಂದ ಆಟಿಸಂ ಜಗತ್ತಿಗೆ ಪರಿಚಯವಾಯಿತು. ಮುಂದೆ ಇಪ್ಪತ್ತು ವರ್ಷ, ತಾಯಿಗೆ ಪ್ರೀತಿ ಸಾಲದೆ ಮಗು ಹೀಗಾಗುತ್ತದೆ ಎಂದೇ ಹಲವರು ನಂಬಿದ್ದರು. ಬರ್ನಾರ್ಡ್ ರಿಮ್ಲಂಡ್ ಎಂಬ ಮನಶ್ಶಾಸ್ತ್ರಜ್ಞರು 1964ರಲ್ಲಿ ಪುಸ್ತಕ ಬರೆದು ಇದು ಮಿದುಳಿಗೆ ಸಂಬಂಧಿಸಿದ್ದು ಎಂದು ವಾದಿಸಿದರು. ಅವರೂ ಅಂಥ ಮಗುವಿನ ತಂದೆಯೇ. ವಿಜ್ಞಾನಿಗಳು ಬಿಟ್ಟು ಎಷ್ಟೋ ಕಾಲವಾದ ಆ ಆರೋಪ ನಮ್ಮ ಸಭಾಂಗಣದ ಹಿಂದಿನ ಸಾಲಿನಲ್ಲಿ ಇನ್ನೂ ಕೇಳಿಬರುತ್ತಿದೆ.

ದೊಡ್ಡವರಾದ ಮೇಲೆ

ನಲವತ್ತು, ಐವತ್ತರ ವಯಸ್ಸಿನಲ್ಲಿ ಹೆಸರು ಸಿಕ್ಕವರೂ ಇದ್ದಾರೆ. ಸ್ಕಾಟ್ಲೆಂಡಿನ ಗಾಯಕಿ ಸೂಸನ್ ಬಾಯ್ಲ್ ತಮಗೆ ಆಸ್ಪರ್ಜರ್ ಲಕ್ಷಣವಿದೆಯೆಂದು 2013ರಲ್ಲಿ, 52ನೆಯ ವಯಸ್ಸಿನಲ್ಲಿ ಬಹಿರಂಗವಾಗಿ ಹೇಳಿದರು. ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿದೆ ಎಂದೇ ಅಲ್ಲಿಯವರೆಗೆ ನಂಬಿಸಲಾಗಿತ್ತು. ನಿಜ ತಿಳಿದಾಗ ಸಮಾಧಾನವಾಯಿತು ಎಂದಿದ್ದರು. ಹೆಣ್ಣುಮಕ್ಕಳು ಬೇರೆಯವರನ್ನು ನೋಡಿ ಅನುಕರಿಸಿ ತಮ್ಮ ಕಷ್ಟ ಮುಚ್ಚಿಡುವುದರಿಂದ ಅವರಲ್ಲಿ ಪತ್ತೆ ಇನ್ನೂ ತಡವಾಗುತ್ತದೆ.

ನಮ್ಮ ಊರಿನ ದೊಡ್ಡಪ್ಪ ಮದುವೆಯಾಗಲಿಲ್ಲ, ಯಾರ ಮುಖ ನೋಡಿಯೂ ಮಾತನಾಡುತ್ತಿರಲಿಲ್ಲ. ಆದರೆ ಯಾವ ವರ್ಷ ಯಾವ ದಿನ ಮಳೆಯಾಯಿತೆಂದು ತಪ್ಪದೆ ಹೇಳುತ್ತಿದ್ದ. ಊರವರು ಅವನಿಗೆ "ಅರೆಹುಚ್ಚ" ಎಂದರು. ತೀರಿಹೋದವನಿಗೆ ಆಟಿಸಂ ಇತ್ತೆಂದು ನಾನು ಹೇಳಲಾರೆ. ಆದರೆ ಅವನಿಗೆ ಇದ್ದದ್ದು ಆ ಒಂದೇ ಹೆಸರು.

ಕಾಗದಪತ್ರದ ಮಾತು

1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅದನ್ನು ಹೆಸರಿಸಿತು. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳಲ್ಲಿ ಅದನ್ನೂ ಸೇರಿಸಿತು. ಪ್ರಮಾಣಪತ್ರ ಕೊಡಲು 40 ಅಂಶಗಳ ಭಾರತೀಯ ಅಳತೆಪಟ್ಟಿಯೊಂದಿದೆ, 70 ಅಂಕ ಅಥವಾ ಹೆಚ್ಚು ಬಂದರೆ ಆಟಿಸಂ ಎಂದು ಗಣಿಸುತ್ತಾರೆ. ನಮ್ಮ ಪುಣೆ ಜಿಲ್ಲಾ ಆಸ್ಪತ್ರೆ ಖಡಕಿಗೆ ಹತ್ತಿರದ ಔಂಧ್‌ನಲ್ಲೇ ಇದೆ, ಮೊದಲು ಅಲ್ಲಿ ವಿಚಾರಿಸಬಹುದು.

ಕೌಂಟರಿನಲ್ಲಿ ಕುಳಿತವನಾಗಿ ಇನ್ನೊಂದು ಮಾತು. ಮಗುವಿಗೆ ಹದಿನೆಂಟು ತುಂಬಿದ ಮೇಲೆ ತಂದೆ-ತಾಯಿ ತಮ್ಮಷ್ಟಕ್ಕೇ ಅವರ ಖಾತೆ ನಡೆಸಲಾಗುವುದಿಲ್ಲ. ಸ್ವತಃ ವ್ಯವಹಾರ ಮಾಡಲಾಗದವರಿಗೆ ಪೋಷಕರನ್ನು ನೇಮಿಸಲು ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅಧಿಕಾರವಿದೆ. ಆ ಪ್ರಮಾಣಪತ್ರವನ್ನು ಖಾತೆ ತೆರೆಯಲು, ನಡೆಸಲು ಒಪ್ಪಬಹುದೆಂದು ರಿಸರ್ವ್ ಬ್ಯಾಂಕ್ 2007ರಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. ಇದು ಗೊತ್ತಿಲ್ಲದೆ ಬರಿಗೈಯಲ್ಲಿ ಹಿಂತಿರುಗಿದ ತಂದೆಯರನ್ನು ನೋಡಿದ್ದೇನೆ.

ಸಂಘಕ್ಕೊಂದು ವಿನಂತಿ

ರಿಕ್ಷಾ ಸ್ಟ್ಯಾಂಡಿನಲ್ಲಿ ಮಾತನಾಡಿದ ಆ ತಾಯಿ 2025ರ ಜನವರಿಯಲ್ಲಿ ಫೋನ್ ಮಾಡಿದರು. "ಕಾಕಾ, ತೋರಿಸಿಕೊಂಡ್ ಬಂದ್ವಿ. ಹೆಸರು ಗೊತ್ತಾತ್ರಿ" ಎಂದರು. ಸ್ವಲ್ಪ ಹೊತ್ತು ಇಬ್ಬರೂ ಮಾತನಾಡಲಿಲ್ಲ. ನಂತರ, "ಮನ್ಯಾಗ ಕನ್ನಡಾನ ಮಾತಾಡಬಹುದಲ್ರಿ?" ಎಂದು ಕೇಳಿದರು. "ಅದನ್ನ ಮಾತಾಡವ್ವಾ, ಅಜ್ಜಿಗೂ ಹೇಳು" ಎಂದೆ. ಅವರ ಮಗುವಿಗೆ ಆಗ ಎರಡು ವರ್ಷ ಎಂಟು ತಿಂಗಳು. ನಮ್ಮವನಿಗೆ ಒಂಬತ್ತಾಗಿತ್ತು.

ನನ್ನ ಮಗ ಈಗ ಒಂದು ಕಾರ್ಯಾಗಾರದಲ್ಲಿ ಕವರುಗಳನ್ನು ಎಣಿಸಿ ಕಟ್ಟುವ ಕೆಲಸ ಮಾಡುತ್ತಾನೆ. ಅವನ ಎಣಿಕೆ ತಪ್ಪಿದ್ದನ್ನು ನಾನು ಕಂಡಿಲ್ಲ. ಸಂಘದ ಕಾರ್ಯಕ್ರಮಗಳಿಗೆ ಅವನನ್ನು ಕರೆತರುವುದನ್ನು ನಾವು ಎಂದೋ ಬಿಟ್ಟಿದ್ದೇವೆ.

ಮುಂದಿನ ರಾಜ್ಯೋತ್ಸವದಲ್ಲಿ ಧ್ವನಿವರ್ಧಕದ ಸದ್ದು ಸ್ವಲ್ಪ ಕಡಿಮೆ ಇರಲಿ. ಸಭಾಂಗಣದ ಪಕ್ಕದ ಒಂದು ಕೋಣೆ ಇಂಥ ಮಕ್ಕಳಿಗಾಗಿ ತೆರೆದಿರಲಿ. ಮಗುವೊಂದು ಚೀರಿದರೆ ಹಿಂದಿನ ಸಾಲಿನವರು ಬುದ್ಧಿ ಹೇಳುವ ಬದಲು ತಾಯಿಯ ಕೈಯಲ್ಲಿರುವ ಚೀಲ ಹಿಡಿದುಕೊಳ್ಳಲಿ. ಇಷ್ಟಾದರೆ ಎರಡು ಕುಟುಂಬಗಳಾದರೂ ಊಟದ ಪಂಕ್ತಿಗೆ ನಿಲ್ಲುತ್ತವೆ. ಅದರಲ್ಲಿ ಒಂದು ನಮ್ಮದು.