ಕ್ಷೇತ್ರ ಧ್ವನಿಮುದ್ರಣದಲ್ಲಿ ವಿದ್ಯುತ್ ಗದ್ದಲದ ನಿವಾರಣೆ

ಮೌಖಿಕ ಕಾವ್ಯಗಳ ಅಧ್ಯಯನಕ್ಕೆ ಧ್ವನಿಮುದ್ರಿಕೆಯೇ ಮೂಲ ಆಕರ. ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರ ತಂಬೂರಿ, ಡಕ್ಕಿ, ಗಗ್ಗರ, ತಾಳಗಳ ನಡುವೆ ಕಥನದ ಮಾತು ಯಾವುದು, ಹಿಮ್ಮೇಳದ ಸೊಲ್ಲು ಯಾವುದು ಎಂಬುದನ್ನು ಗುರುತಿಸಲು ಮುದ್ರಿಕೆ ಸ್ಪಷ್ಟವಾಗಿರಬೇಕು. ಆದರೆ ಎಷ್ಟೋ ಮುದ್ರಿಕೆಗಳಲ್ಲಿ ಹಾಡಿನ ಅಡಿಯಲ್ಲಿ ಎಡೆಬಿಡದ ಗುಂಯ್‌ಗುಡುವ ಸದ್ದು ಕೇಳಿಬರುತ್ತದೆ. ಅದು ತಂಬೂರಿಯ ಶ್ರುತಿಯಲ್ಲ, ವಿದ್ಯುತ್ ಗದ್ದಲ.

ಡೈನಮಿಕ್ ಮೈಕ್ರೋಫೋನು ಹಾಡುಗಾರನ ದನಿಯಿಂದ ಉತ್ಪಾದಿಸುವ ವೋಲ್ಟೇಜು ಒಂದು ಮಿಲಿವೋಲ್ಟಿನ ಆಸುಪಾಸಿನದು. ಅದರ ಪಕ್ಕದಲ್ಲೇ ಹಾದುಹೋಗುವ ಮನೆಯ ವಿದ್ಯುತ್ತು 230 ವೋಲ್ಟಿನದು; ಸೆಕೆಂಡಿಗೆ 50 ಬಾರಿ ಆವರ್ತಿಸುವಂಥದು. ಎರಡು ಲಕ್ಷ ಪಟ್ಟಿಗೂ ಮಿಕ್ಕಿದ ಈ ಅಂತರದಿಂದಾಗಿ ಅಲ್ಪ ಸೋರಿಕೆಯೂ ಹಾಡನ್ನು ಮಸುಕಾಗಿಸಬಲ್ಲದು.

ಥರ್ಮೋಕಪಲ್‌ನಂತಹ ಸಾಧನಗಳ ಕೆಲವೇ ಮಿಲಿವೋಲ್ಟುಗಳ ಡಿ.ಸಿ. ಸಂಕೇತವನ್ನು ಅಳೆಯುವವರಿಗೂ ಇದೇ ತೊಡಕಿದೆ. ಆದರೆ ಅವರ ಸಂಕೇತ ನಿಧಾನವಾಗಿ ಬದಲಾಗುವಂಥದು. ಗದ್ದಲದ ಒಂದು ಆವರ್ತಕ್ಕೆ ತಗಲುವ 20 ಮಿಲಿಸೆಕೆಂಡುಗಳ ಸರಾಸರಿಯನ್ನು ತೆಗೆದರೆ ಅದರ ಏರಿಳಿತಗಳು ಪರಸ್ಪರ ಕಳೆದುಹೋಗುತ್ತವೆ. ಹಾಡಿಗೆ ಈ ಅನುಕೂಲವಿಲ್ಲ. ಗದ್ದಲದ 100, 150, 200 ಹರ್ಟ್ಸ್‌ಗಳ ಗುಣಕಗಳು ಗಂಡುದನಿಯ ಮೂಲ ಆವರ್ತನದ ವ್ಯಾಪ್ತಿಯೊಳಗೇ ಬೀಳುತ್ತವೆ. ಮುಂದೆ ಅವನ್ನು ಶೋಧಿಸಿ ತೆಗೆಯಹೊರಟರೆ ದನಿಯೂ ಸವೆಯುತ್ತದೆ. ಆದ್ದರಿಂದ ಗದ್ದಲವನ್ನು ಮುದ್ರಣಕ್ಕೆ ಮೊದಲೇ, ಕ್ಷೇತ್ರದಲ್ಲಿಯೇ ತಡೆಯಬೇಕಾಗುತ್ತದೆ.

ಲೋಹದ ಹೊದಿಕೆಯ ಹೊರಗಿನ ವಿದ್ಯುದಾವೇಶ ಒಳಗೆ ಪರಿಣಾಮ ಬೀರದೆಂಬುದನ್ನು ಮೈಕೆಲ್ ಫ್ಯಾರಡೆ 1836ರಲ್ಲಿ ತೋರಿಸಿದನು. ಮೈಕ್ರೋಫೋನು ತಂತಿಯ ಸುತ್ತಲಿನ ತಾಮ್ರದ ಹೆಣಿಗೆ ಈ ತತ್ತ್ವವನ್ನೇ ಅನುಸರಿಸುತ್ತದೆ. ಆದರೆ 50 ಹರ್ಟ್ಸ್‌ನ ಕಾಂತಕ್ಷೇತ್ರವನ್ನು ಈ ತೆಳು ತಾಮ್ರ ತಡೆಯಲಾರದು. ಅದಕ್ಕೆ ಒಂದಕ್ಕೊಂದು ಹೊಸೆದ ಜೋಡಿ ತಂತಿಯ ‘ಬ್ಯಾಲೆನ್ಸ್ಡ್’ ಜೋಡಣೆ ಬೇಕು. ಎರಡೂ ಎಳೆಗಳಲ್ಲಿ ಗದ್ದಲ ಸಮನಾಗಿ ಸೇರುತ್ತದೆ; ಯಂತ್ರವು ಎರಡರ ವ್ಯತ್ಯಾಸವನ್ನಷ್ಟೇ ಗ್ರಹಿಸುವುದರಿಂದ ಗದ್ದಲ ಬಹುಮಟ್ಟಿಗೆ ಅಳಿದು ಹಾಡು ಉಳಿಯುತ್ತದೆ.

ಮೂರನೆಯ ದಾರಿ ನೆಲದ ಸಂಪರ್ಕದ್ದು. ಮುದ್ರಣಯಂತ್ರವನ್ನು ಊರಿನ ಧ್ವನಿವರ್ಧಕಕ್ಕೂ ಬೇರೊಂದು ವಿದ್ಯುತ್ ಸಾಕೆಟ್ಟಿಗೂ ಜೋಡಿಸಿದಾಗ ಎರಡು ಅರ್ಥಿಂಗ್‌ಗಳ ನಡುವಿನ ವೋಲ್ಟೇಜು ವ್ಯತ್ಯಾಸ ತಂತಿಯ ಕವಚದಲ್ಲಿ ಪ್ರವಾಹವನ್ನು ಹರಿಸುತ್ತದೆ. ಯಂತ್ರವನ್ನು ಬ್ಯಾಟರಿಯಿಂದ ನಡೆಸುವುದು ಇದಕ್ಕೆ ಸುಲಭ ಪರಿಹಾರ. ಸದ್ದು ನಿಲ್ಲಿಸುವ ಸಲುವಾಗಿ ಸುರಕ್ಷತೆಯ ಅರ್ಥಿಂಗ್ ತಂತಿಯನ್ನು ಕಳಚುವುದು ಮಾತ್ರ ಪ್ರಾಣಾಪಾಯಕರ.

ಕ್ಷೇತ್ರದಲ್ಲಿ ಪಾಲಿಸಬೇಕಾದ ಕ್ರಮಗಳು ಸರಳವಾದವು. ಮೈಕ್ರೋಫೋನು ತಂತಿಯನ್ನು ವಿದ್ಯುತ್ ತಂತಿಗೆ ಸಮಾಂತರವಾಗಿ ಎಳೆಯದೆ, ದಾಟಲೇಬೇಕಾದಲ್ಲಿ ಲಂಬವಾಗಿ ದಾಟಿಸಬೇಕು. ಟ್ಯೂಬ್‌ಲೈಟಿನ ಚೋಕು, ಚಾರ್ಜರುಗಳಿಂದ ದೂರವಿರಬೇಕು. ಜಿ.ಎಸ್.ಎಂ. ಮೊಬೈಲುಗಳ ಸ್ಪಂದನ ಸುಮಾರು 217 ಹರ್ಟ್ಸ್‌ನ ಕರಕರ ಸದ್ದಾಗಿ ಸೇರಬಹುದಾದ್ದರಿಂದ ಅವನ್ನು ಆರಿಸಿಡಬೇಕು. ಹಾಡು ತೊಡಗುವ ಮುನ್ನ ಒಂದು ನಿಮಿಷದ ಮೌನವನ್ನು ಮುದ್ರಿಸಿ ಹೆಡ್‌ಫೋನಿನಲ್ಲಿ ಆಲಿಸಬೇಕು. ಆ ಮೌನವನ್ನು ಅಳಿಸದೆ ಮುದ್ರಿಕೆಯೊಂದಿಗೇ ಉಳಿಸಬೇಕು. ಮುಂದಿನ ಸಂಶೋಧಕನಿಗೆ ಯಾವುದು ವಾದ್ಯದ ನಾದ, ಯಾವುದು ತಂತಿಯ ಸದ್ದು ಎಂಬುದನ್ನು ಬೇರ್ಪಡಿಸಲು ಅದು ಆಧಾರವಾಗುತ್ತದೆ. ವಯೋವೃದ್ಧ ಕಲಾವಿದರು ಇಡೀ ರಾತ್ರಿ ಹಾಡಿದ ಕಾವ್ಯವನ್ನು ಅದೇ ರೂಪದಲ್ಲಿ ಮತ್ತೊಮ್ಮೆ ಮುದ್ರಿಸಿಕೊಳ್ಳುವುದು ಸಾಧ್ಯವಿಲ್ಲದಿರುವುದರಿಂದ ಈ ಎಚ್ಚರವೂ ಕ್ಷೇತ್ರಕಾರ್ಯದ ವಿಧಾನದ ಭಾಗವಾಗಬೇಕು.